ಲೈಂಗಿಕ ಅಪರಾಧಿಗಳ ಪಟ್ಟಿ 1994ರಲ್ಲಿ ಶುರುವಾಯ್ತಾ?

ಅಮೆರಿಕದ ನ್ಯೂಜೆರ್ಸಿಯಲ್ಲಿ 1994ರಲ್ಲಿ 7 ವರ್ಷದ ಬಾಲಕಿಯ ಕೊಲೆಯಾದ ಮೇಲೆಯೇ ಲೈಂಗಿಕ ಅಪರಾಧಿಗಳ ಪಟ್ಟಿ ಇಡೋದು ಶುರುವಾಯ್ತು ಅನ್ನೋ ಮೆಸೇಜ್ ಆಗಾಗ ಬರುತ್ತದೆ. ಕೊಲೆ ನಿಜ. ಪಟ್ಟಿಯ ಮಾತು ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 1947ರಿಂದಲೇ ಪಟ್ಟಿ ಇತ್ತು, ಆದರೆ ಪೊಲೀಸರ ಕೈಯಲ್ಲಿ.

ಕೊಂದವನು ಎದುರು ಮನೆಯವನೇ. ಅವನಿಗೆ ಹಿಂದೆಯೂ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿತ್ತು, ಅದು ಬಾಲಕಿಯ ಹೆತ್ತವರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಇಂಥ ಅಪರಾಧಿ ಇದ್ದರೆ ಅಕ್ಕಪಕ್ಕದವರಿಗೂ ತಿಳಿಸಬೇಕು ಅನ್ನೋ ಕಾನೂನು 1994ರಲ್ಲೇ ನ್ಯೂಜೆರ್ಸಿಗೆ, 1996ರಲ್ಲಿ ಇಡೀ ದೇಶಕ್ಕೆ ಬಂತು. ವಾಷಿಂಗ್ಟನ್ ರಾಜ್ಯ ಇದನ್ನು 1990ರಲ್ಲೇ ಮಾಡಿತ್ತು. ಪಟ್ಟಿ ಇಡೋದು ಬೇರೆ, ಅದನ್ನು ಜನರಿಗೆ ಹೇಳೋದು ಬೇರೆ ಅಲ್ವಾ? ಮೆಸೇಜ್ ಎರಡನ್ನೂ ಬೆರೆಸಿಬಿಟ್ಟಿದೆ.

ಕಳಿಸಿದವರದ್ದು ಮಕ್ಕಳ ಮೇಲಿನ ಕಾಳಜಿಯೇ. ಪರಿಶೀಲಿಸೋದು ಕಷ್ಟವೇನಲ್ಲ: ಘಟನೆಯ ವರ್ಷ, ಕಾನೂನಿನ ವರ್ಷ ಪಕ್ಕಪಕ್ಕ ಇಟ್ಟು ನೋಡಿ. ಕಾನೂನು ಯಾವಾಗ ಬಂತು, ಯಾವಾಗ ತಿದ್ದುಪಡಿಯಾಯ್ತು ಅನ್ನೋದು ಸರ್ಕಾರಿ ಜಾಲತಾಣಗಳಲ್ಲಿ ಸಿಗುತ್ತದೆ.