ಹತ್ತಿ ಬನಿಯನ್ ಸಲಹೆ ಸರಿಯಲ್ಲ
ಬೀದರಿನ ಚಳಿಗೆ "ಒಳಗೆ ಹತ್ತಿ ಬನಿಯನ್, ಮೇಲೆ ದಪ್ಪ ಸ್ವೆಟರ್ ಸಾಕು" ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸೈಕಲ್ ತುಳಿಯುವವರಿಗೆ ಇದು ಹೊಂದುವುದಿಲ್ಲ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಸ್ವೆಟರಿನ ಹೆಣಿಗೆಯಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ. 10 ಡಿಗ್ರಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ ಮೈಗೆ ತಾಗುವುದು ಸುಮಾರು 7 ಡಿಗ್ರಿಯ ಚಳಿ. ಮೈಗಂಟುವ ತೆಳು ಪಾಲಿಯೆಸ್ಟರ್ ಇಲ್ಲವೇ ಮೆರಿನೊ ಉಣ್ಣೆಯ ಬನಿಯನ್, ಮೇಲೆ ಜೆರ್ಸಿ (ಬೆನ್ನಿನಲ್ಲಿ ಜೇಬಿರುವ ಸೈಕಲ್ ಅಂಗಿ), ಆರ್ಮ್ ವಾರ್ಮರ್ (ತೋಳಿಗೆ ಮಾತ್ರ ಏರಿಸುವ ಬಿಡಿ ತೋಳು), ಕೊನೆಗೆ ತೋಳಿಲ್ಲದ ವಿಂಡ್ ಜಾಕೆಟ್ ಹಾಕಿ. ಹುಮನಾಬಾದ್ ಕಡೆ ಹೊರಟರೆ ಒಂಬತ್ತರ ನಂತರ ಬಿಸಿಲು ಏರುತ್ತದೆ. ಕೊನೆಯ ಎರಡನ್ನೂ ಬಿಚ್ಚಿ ಬೆನ್ನಿನ ಜೇಬಿಗೆ ತುರುಕಬಹುದು. ಸ್ವೆಟರ್ ಎಲ್ಲಿಡುತ್ತೀರಿ? ಜಾಕೆಟ್ ಇಲ್ಲದಿದ್ದರೆ ಜೆರ್ಸಿಯೊಳಗೆ ಎದೆಗೆ ಹಳೆಯ ಪೇಪರ್ ಇಟ್ಟರೂ ಗಾಳಿ ತಡೆಯುತ್ತದೆ. ಹೊರಟ ಮೊದಲ 10 ನಿಮಿಷ ತುಸು ಚಳಿಯಾಗಬೇಕು, ಆಗದಿದ್ದರೆ ಬಟ್ಟೆ ಹೆಚ್ಚಾಗಿದೆ. ಇನ್ನು ಕೈಗವಸಿನ ಮಾತೇ ಲೇಖನದಲ್ಲಿಲ್ಲ: ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೇ ತಡವಾಗುತ್ತದೆ.