ಶಾಲು ಹೊದಿಸಿದ್ದು ಸಾಕು, ಪುಸ್ತಕ ಬಿಡಿಸಿ

ನಿನ್ನೆ ಸಂಜೆಯಿಂದ ತಲೆ ಕೆಟ್ಟು ಕೂತಿದ್ದೇನೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ, ಬರೆದರೆ ಊರಿನ ನಾಲ್ಕು ಜನ ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಮಾಷ್ಟ್ರ ವಿಷಯ ಇಲ್ಲಿ ಆಗಾಗ ಹೇಳಿದ್ದೇನಲ್ಲ, ಅವರಿಗೆ ನಿನ್ನೆ ಸನ್ಮಾನ. ಹೆಸರು ಹಾಕುವುದಿಲ್ಲ. ಹಾಕಿದರೆ ಮೊದಲು ಬೈಯುವವರು ಅವರೇ. ವಯಸ್ಸು ಎಂಬತ್ತು ದಾಟಿದೆ. ಒಂದಿಷ್ಟು ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಹಟ್ಟಿಯಲ್ಲಿ ಒಂದು ದನ. ಎರಡು ಕಥಾಸಂಕಲನ, ಒಂದು ಕಾದಂಬರಿ ಬಂದಿದೆ, ಇನ್ನೊಂದು ಬರೆಯುತ್ತಾ ಇದ್ದಾರೆ. ಈ ಕೊನೆಯ ಸಂಗತಿ ನಿನ್ನೆ ವೇದಿಕೆಯ ಮೇಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

ಭಾಷಣ ಮಾಡಿದವರೆಲ್ಲ ಏನು ಹೇಳಿದರು ಗೊತ್ತಾ? ಮಾಷ್ಟ್ರು ಈ ವಯಸ್ಸಿನಲ್ಲೂ ನಡೆದೇ ಪೇಟೆಗೆ ಬರುತ್ತಾರೆ. ಬೆಳಗ್ಗೆ ಗಂಜಿ ಉಣ್ಣುತ್ತಾರೆ. ಮೊಬೈಲ್ ಇಟ್ಟುಕೊಂಡಿಲ್ಲ. ಬಿಳಿ ಪಂಚೆ. ಸರಳ ಜೀವಿ, ಹಳ್ಳಿಯ ಮುತ್ತು, ಎಲೆಮರೆಯ ಕಾಯಿ. ಮುಗಿಯಿತು. ಒಂದು ಕಥೆಯ ಹೆಸರಿಲ್ಲ, ಒಂದು ಪಾತ್ರದ ಹೆಸರಿಲ್ಲ. ಅಭಿನಂದನಾ ಭಾಷಣದ ಮಹಾಶಯರಂತೂ ಕಥಾಸಂಕಲನವನ್ನು ಕವನ ಸಂಕಲನ ಅಂದರು, ಅದೂ ಎರಡು ಸಲ. ಮಾಷ್ಟ್ರು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದ ಹಾಗೆ ಮಾತಾಡಿದರು, ಕೇಳಲಿಕ್ಕೆ ಆಸಾಮಿ ಬದುಕಿದ್ದರು ಅನ್ನುವುದಷ್ಟೇ ವ್ಯತ್ಯಾಸ.

ಆಮೇಲೆ ಅವರ ಸರದಿ. ನಿರೂಪಕ ಹುಡುಗ ಬಗ್ಗಿ ಕಿವಿಯಲ್ಲಿ ಹೇಳಿದ, "ಎರಡೇ ನಿಮಿಷ ಮಾಷ್ಟ್ರೇ, ಯಕ್ಷಗಾನದವರು ಬಣ್ಣ ಹಚ್ಚಿ ಆಗಿದೆ." ಮಾಷ್ಟ್ರು ಹೊಸ ಕಾದಂಬರಿಯ ಎರಡು ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದಿದ್ದರು. ಓದಬೇಕು ಅಂತಲೇ ತಂದದ್ದು. ಕೈ ಕಿಸೆಗೆ ಹೋಯಿತು, ಹಾಗೇ ವಾಪಸ್ ಬಂತು. "ಎಲ್ಲರಿಗೂ ನಮಸ್ಕಾರ" ಅಂದು ಕೂತರು. ಅದಕ್ಕೂ ಒಬ್ಬರು, ನೋಡಿ, ಎಷ್ಟು ಸರಳ ಅಂದರು! ನನಗೆ ಮೈಯೆಲ್ಲ ಉರಿಯಿತು.

ಮಾಷ್ಟ್ರನ್ನು ಸರಳ ಅನ್ನುವವರು ಒಂದು ದಿನ ಅವರ ಜಗಲಿಗೆ ಬರಬೇಕು. ಮಹಾ ಹಠಮಾರಿ ಮನುಷ್ಯ. ಸೊಸೈಟಿಯ ಹಳೆಯ ನೋಟೀಸುಗಳ ಹಿಂಬದಿಯಲ್ಲಿ ಬರೆಯುತ್ತಾರೆ, ದಾರ ಹಾಕಿ ಹೊಲಿದು ಇಡುತ್ತಾರೆ. ಮೊನ್ನೆ ಒಂದು ಹಾಳೆ ತೋರಿಸಿದರು. ಅಡಿಕೆಯ ಕೊಳೆರೋಗಕ್ಕೆ ಮರ ಹತ್ತಿ ಮದ್ದು ಬಿಡುವ ದಿನದ ಸನ್ನಿವೇಶ. ಮೊದಲು "ಮಳೆ ಧೋ ಎಂದು ಸುರಿಯಿತು" ಅಂತ ಬರೆದಿದ್ದರು, ಅದರ ಮೇಲೆ ದಪ್ಪ ಗೀಟು. ಕೆಳಗೆ ಇನ್ನೊಂದು ವಾಕ್ಯ, ಅದಕ್ಕೂ ಗೀಟು. ಮತ್ತೊಂದು, ಅದಕ್ಕೂ. ಕೊನೆಗೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಉಳಿದದ್ದು ಇದು: ಮುಟ್ಟಾಳೆಯ ಮೇಲೆ ಬೀಳುವ ಮಳೆಗೆ ಮರದ ಮೇಲಿದ್ದವನು ಕೂಗಿದ್ದು ಕೆಳಗಿದ್ದವನಿಗೆ ಕೇಳಲಿಲ್ಲ. ಅಷ್ಟೇ. (ಮುಟ್ಟಾಳೆ ಅಂದರೆ ಅಡಿಕೆ ಹಾಳೆಯ ಟೋಪಿ.) ಆ ಕೂಗು ಕೇಳದ್ದರಿಂದಲೇ ಮುಂದಿನ ಅನಾಹುತ ನಡೆಯುವುದು, ಇಡೀ ಅಧ್ಯಾಯ ನಿಂತಿರುವುದೇ ಅದರ ಮೇಲೆ. "ಧೋ ಅಂತ ಯಾರು ಬೇಕಾದರೂ ಸುರಿಸಬಹುದು ಮಾರಾಯ, ತೋಟದಲ್ಲಿ ನಿಂತು ನೆನೆದವನಿಗೆ ಬೇರೆ ಏನಾದರೂ ಗೊತ್ತಿರಬೇಕಲ್ಲ" ಅಂದರು. ಇದು ಸರಳತೆಯಾ? ಇದು ಕಸುಬು. ಇದರ ಬಗ್ಗೆ ಒಂದು ಮಾತು, ಒಂದೇ ಒಂದು ಮಾತು ಬೇಡವಾ ಸನ್ಮಾನದಲ್ಲಿ?

ಇನ್ನೊಂದು ವಿಷಯ. ಊರಲ್ಲಿದ್ದು ಬರೆಯುವವನ ಕಷ್ಟ ಪೇಟೆಯವರಿಗೆ ಅರ್ಥವಾಗುವುದಿಲ್ಲ. ಬೆಂಗಳೂರಲ್ಲಿ ಕೂತು ನೀವು ನಿಮ್ಮ ದೊಡ್ಡಪ್ಪನ ಕಥೆ ಬರೆಯಬಹುದು, ದೊಡ್ಡಪ್ಪನಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಪಾತ್ರ ಮರುದಿನ ಹಾಲಿನ ಡಿಪೋದಲ್ಲಿ ಎದುರಿಗೇ ಸಿಗುತ್ತದೆ. ಮಾಷ್ಟ್ರ ಮೊದಲ ಸಂಕಲನ ಬಂದಾಗ ನೆರೆಮನೆಯವರು ಕೆಲವು ವರ್ಷ ಮಾತು ಬಿಟ್ಟಿದ್ದರು. ಆಮೇಲೆ ಅವರದೇ ಮನೆಯ ಮದುವೆಗೆ ಮಾಷ್ಟ್ರೇ ಹೋಗಿ ಚಪ್ಪರಕ್ಕೆ ಸೋಗೆ ಕೊಟ್ಟು ಸರಿ ಮಾಡಿಕೊಂಡರು. ಆದರೆ ಕಥೆಯ ಒಂದು ಸಾಲೂ ಬದಲಾಯಿಸಲಿಲ್ಲ. ನೆರೆಯೂ ಬೇಕು, ನಿಜವೂ ಬೇಕು. ಎರಡನ್ನೂ ಬಿಡದೆ ಇಷ್ಟು ವರ್ಷ ಬರೆಯುವುದು ಗಂಜಿ ಉಂಡಷ್ಟು ಸುಲಭ ಅಂದುಕೊಂಡಿರಾ?

ನಮ್ಮೂರಿಗೆ ಇದು ಹೊಸ ಚಾಳಿ ಏನಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಿಗೂ ಹೀಗೇ ಮಾಡಿದೆವು. ಹುಟ್ಟಿದ್ದು 1915ರ ಜೂನ್ 8, ತೀರಿಕೊಂಡದ್ದು 2015ರ ಆಗಸ್ಟ್ 9. ನೂರು ತುಂಬಿದ ಎರಡು ತಿಂಗಳಿಗೆ ಹೋದರು. ಹೋದ ದಿನ ಎಲ್ಲರ ಬಾಯಲ್ಲೂ ಎರಡೇ ಮಾತು: ಶತಾಯುಷಿ, ಕಾಸರಗೋಡಿನ ಹೋರಾಟಗಾರ. ಎರಡೂ ಸತ್ಯವೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು, ಆ ವರದಿ ಇವತ್ತಿಗೂ ಹಾಗೇ ಬಿದ್ದಿರುವುದು, ಇದೆಲ್ಲ ನಮಗೆ ಉಸಿರಾಟದಷ್ಟು ಪರಿಚಿತ. ಆದರೆ ಆ ಹೋರಾಟಕ್ಕೆ ಜನರನ್ನು ಎಬ್ಬಿಸಿದ್ದು ಅವರ ಪದ್ಯ. ಪದ್ಯ ಚೆನ್ನಾಗಿದ್ದದ್ದರಿಂದ ತಾನೇ ಜನರ ಬಾಯಿಗೆ ಬಂದದ್ದು? ಮನೆಮಾತು ತುಳು, ಬರೆದದ್ದು ಹೆಚ್ಚಾಗಿ ಕನ್ನಡದಲ್ಲಿ, ತುಳುವಿನಲ್ಲೂ ಕವಿತೆ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ, ಮನೆಯಲ್ಲಿ ಬೇಸಾಯ. ಮಕ್ಕಳಿಗೂ ಪದ್ಯ ಬರೆದರು. ಆತ್ಮಕಥೆಗೆ ಇಟ್ಟ ಹೆಸರೇ 'ದುಡಿತವೇ ನನ್ನ ದೇವರು'. ಆ ಹೆಸರು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಒಳಗಿನ ಪುಟಗಳನ್ನು ಓದಿದವರು ಕೈ ಎತ್ತಿ ನೋಡುವಾ! 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು ಅಂತ ಮಾತ್ರ ಇವತ್ತಿಗೂ ಎದೆ ಉಬ್ಬಿಸಿ ಹೇಳುತ್ತೇವೆ.

ಈ ವಿಷಯದಲ್ಲಿ ಶಿವರಾಮ ಕಾರಂತರು ಬುದ್ಧಿವಂತರು. ಅವರನ್ನು ಸರಳ ಜೀವಿ ಅನ್ನಲಿಕ್ಕೆ ಯಾರಿಗೆ ಧೈರ್ಯ ಇತ್ತು? ಎದುರಿಗೆ ಅಂದಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು. ತೊಂಬತ್ತೈದರ ಆಸುಪಾಸಿನಲ್ಲಿ ಕೂತು ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಮನುಷ್ಯ ಅದು. ಆ ವಯಸ್ಸಿನಲ್ಲಿ ನಮ್ಮವರಾದರೆ ಪುಸ್ತಕ ಬಿಟ್ಟು, ಎಷ್ಟು ಇಡ್ಲಿ ತಿನ್ನುತ್ತಾರೆ ಅಂತ ಕೇಳುತ್ತಿದ್ದರು.

ಬೆಳಗ್ಗೆ ಗೆಳೆಯನೊಬ್ಬ ಫೋನ್ ಮಾಡಿದ್ದ. "ಸುಮ್ನೆ ಇರೋ, ಅಷ್ಟಾದರೂ ಮಾಡಿದರಲ್ಲ, ಎಷ್ಟೋ ಊರಲ್ಲಿ ಅದೂ ಇಲ್ಲ" ಅಂದ. ಸರಿ, ಒಪ್ಪಿದೆ. ಮಾಷ್ಟ್ರ ಹೆಂಡತಿ ನಿನ್ನೆ ಹೊಸ ಸೀರೆ ಉಟ್ಟು ಬಂದಿದ್ದರು, ಮೊಮ್ಮಗಳು ಫೋಟೋ ತೆಗೆದಳು, ಆ ಮನೆಗೆ ಅದೊಂದು ಹಬ್ಬ. ಅದನ್ನು ಅಲ್ಲ ಅನ್ನಲಿಕ್ಕೆ ನಾನು ಯಾರು? ಆದರೆ ಲೆಕ್ಕ ಹಾಕಿ ನೋಡಿ. ದಾರಿಯುದ್ದಕ್ಕೂ ಫ್ಲೆಕ್ಸ್, ಅದರಲ್ಲಿ ಮಾಷ್ಟ್ರ ಮುಖಕ್ಕಿಂತ ಅತಿಥಿಗಳ ಮುಖವೇ ದೊಡ್ಡದು. ಶಾಲು, ಪೇಟ, ಹಣ್ಣಿನ ಬುಟ್ಟಿ, ಹಿಡಿದರೆ ಕೈ ಸೋಲುವ ಒಂದು ಫಲಕ. ಹೊರಗೆ ಬಾಗಿಲ ಬಳಿ ಪುಸ್ತಕದ ಮೇಜು ಇತ್ತು. ಎರಡು ಪ್ರತಿ ಹೋಯಿತಂತೆ. ಅದರಲ್ಲಿ ಒಂದು ನಾನೇ ತಗೊಂಡದ್ದು, ನನ್ನ ಹತ್ತಿರ ಆಗಲೇ ಇತ್ತು, ಸಿಟ್ಟಿಗೆ ಇನ್ನೊಂದು ತಗೊಂಡೆ. ಫ್ಲೆಕ್ಸಿನ ದುಡ್ಡಿಗೆ ಪಂಚಾಯತಿನ ಎಲ್ಲ ಶಾಲೆಗೂ ಒಂದೊಂದು ಪ್ರತಿ ಕೊಡಬಹುದಿತ್ತು. ಹಾಗಾಗಿ "ಅಷ್ಟಾದರೂ ಮಾಡಿದರಲ್ಲ" ಅನ್ನುವ ಮಾತು ನನ್ನ ಹತ್ತಿರ ಬೇಡ. ಓದದೆ ಇರಲಿಕ್ಕೆ ಅತಿ ಮರ್ಯಾದೆಯ ದಾರಿ ಅಂದರೆ ಸನ್ಮಾನ. ಶಾಲು ಹೊದಿಸಿದ ಮೇಲೆ ಪುಸ್ತಕ ಬಿಡಿಸುವ ಜವಾಬ್ದಾರಿ ಇಲ್ಲ, ಅಲ್ವಾ?

ಇಷ್ಟೆಲ್ಲ ಕೂಗಾಡುವುದರಲ್ಲಿ ನನ್ನ ಹೊಟ್ಟೆಕಿಚ್ಚೂ ಇದೆ, ಹೇಳಿಬಿಡುತ್ತೇನೆ. ನಾನೂ ಬರೆಯುತ್ತೇನೆ, ನಿಮಗೆ ಗೊತ್ತು. ಒಂದು ಪ್ಯಾರಾ ಬರೆಯುವಷ್ಟರಲ್ಲಿ ನನ್ನ ಕೈ ಫೋನಿಗೆ ಹೋಗುತ್ತದೆ, ಎಷ್ಟು ಲೈಕ್ ಬಂತು ಅಂತ. ಮಾಷ್ಟ್ರು ಬೆಳಗಿನ ಜಾವ ಹಟ್ಟಿಯ ಕೆಲಸ ಮುಗಿಸಿ, ಅಡಿಕೆ ಸುಲಿಯುವವರು ಬರುವ ಮೊದಲು ಅಷ್ಟೊತ್ತು ಬರೆಯುತ್ತಾರೆ. ಬರೆದದ್ದನ್ನು ಯಾರಿಗೂ ತೋರಿಸದೆ ತಿಂಗಳುಗಟ್ಟಲೆ ಇಡುತ್ತಾರೆ. ಯಾಕೆ ಬರೆಯುತ್ತೀರಿ ಅಂತ ಒಮ್ಮೆ ಕೇಳಿದ್ದೆ. ದೊಡ್ಡ ಉತ್ತರ ಬರುತ್ತದೆ ಅಂತ ಕಾದೆ. "ಖುಷಿ ಆಗ್ತದೆ" ಅಂದರು, ದನಕ್ಕೆ ಹುಲ್ಲು ಹಾಕಲಿಕ್ಕೆ ಎದ್ದು ಹೋದರು. ಆ ಖುಷಿ ನನಗೆ ಯಾವಾಗಲೋ ಕೈ ತಪ್ಪಿ ಹೋಗಿದೆ. ಬಹುಶಃ ಅದಕ್ಕೇ ನನಗೆ ಜಾಸ್ತಿ ಉರಿಯುವುದು.

ಕಮೆಂಟಿನಲ್ಲಿ "ನಮಸ್ಕಾರ ಅಜ್ಜನಿಗೆ" ಅಂತ ಕೈಮುಗಿಯುವ ಚಿತ್ರ ಹಾಕುವವರಿಗೆ ಮೊದಲೇ ಹೇಳುತ್ತೇನೆ, ಬೇಡ. ಅವರ ಪುಸ್ತಕ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸುವ ವ್ಯವಸ್ಥೆ ನಾನು ಮಾಡುತ್ತೇನೆ. ಓದಿ ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅಂತಲೇ ಬರೆಯಿರಿ. ಜಗಳಕ್ಕೆ ಬಂದವರನ್ನು ಮಾಷ್ಟ್ರು ಚಾ ಕುಡಿಸದೆ ಬಿಡುವುದಿಲ್ಲ. ಹೊಗಳಿಕೆಗೆ ಏನು ಹೇಳಬೇಕು ಅಂತ ಮಾತ್ರ ಅವರಿಗೆ ತಿಳಿಯುವುದಿಲ್ಲ, ಸುಮ್ಮನೆ ಕೂತುಬಿಡುತ್ತಾರೆ.

ಬರುವ ತಿಂಗಳು ಇನ್ನೊಂದು ಸಂಘದವರೂ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದಾರಂತೆ. ಅಭಿನಂದನಾ ಭಾಷಣಕ್ಕೆ ನನ್ನ ಹೆಸರೇ ಹಾಕಿದ್ದಾರೆ, ಇವತ್ತು ಮಧ್ಯಾಹ್ನ ಫೋನ್ ಬಂತು. ಬರುತ್ತೇನೆ, ಆದರೆ ಭಾಷಣ ಮಾಡುವುದಿಲ್ಲ, ಮದ್ದು ಬಿಡುವ ಆ ಅಧ್ಯಾಯವನ್ನು ಹದಿನೈದು ನಿಮಿಷ ಓದುತ್ತೇನೆ, ಇಲ್ಲವಾದರೆ ಮಾಷ್ಟ್ರೇ ಓದಲಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲ ಮಾರಾಯ್ರೇ, ಶಾಸಕರು ಬರ್ತಾರೆ, ಅಷ್ಟು ಹೊತ್ತು ಅವರನ್ನು ಕೂರಿಸುವುದು ಹೇಗೆ?" ಅಂದರು. ಕಥೆ ಚೆನ್ನಾಗಿದೆ, ಶಾಸಕರೂ ಕೇಳಲಿ ಅಂದೆ. ಕಮಿಟಿಯಲ್ಲಿ ಕೇಳಿ ಹೇಳುತ್ತೇವೆ ಅಂದಿದ್ದಾರೆ.