ಕೊಳ್ಳುವ ಮೊದಲು ಬಾನೆಟ್ ಮುಟ್ಟಿ ನೋಡಿ

ನಿಮ್ಮ ಲೇಖನದಲ್ಲಿ ಓದುಗರಿಗೆ, ಕಡಿಮೆ ಬೆಲೆಗೆ ಹಳೆಯ ಡೀಸೆಲ್ ಅಂಬಾಸಿಡರ್ ಕಾರು ಸಿಕ್ಕರೆ ಯೋಚಿಸದೆ ಕೊಂಡು ಬಿಡುವಿನಲ್ಲಿ ಸರಿಪಡಿಸಿಕೊಳ್ಳಿ ಎಂದಿದ್ದೀರಿ. ನಿಮ್ಮ ಉತ್ಸಾಹ ನನಗೂ ಇದೆ, ಆದರೆ ಅವರು ದಯವಿಟ್ಟು ಯೋಚಿಸಿಯೇ ಕೊಳ್ಳಲಿ. ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ, ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ ಮೊದಲು ಬಾನೆಟ್ ಮುಟ್ಟಬೇಕು. ಬಿಸಿಯಾಗಿದ್ದರೆ ಎಂಜಿನ್ ಆಗಲೇ ಚಾಲೂ ಆಗಿತ್ತು ಎಂದರ್ಥ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಒತ್ತಡಕ್ಕೆ ಸಿಕ್ಕಿದ ಗಾಳಿಯ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಆ ಒತ್ತಡ ಸೋರದಂತೆ ತಡೆಯುವ ಬಳೆ, ಅಂದರೆ ಪಿಸ್ಟನ್ ರಿಂಗ್, ಸವೆದಿದ್ದರೆ ಆ ಒತ್ತಡ ಸಾಲದೆ, ತಣ್ಣಗಿರುವಾಗ ಎಂಜಿನ್ ಸುಲಭಕ್ಕೆ ಚಾಲೂ ಆಗದು. (ಚಾಲೂ ಮಾಡುವಾಗ ಎಂಜಿನ್ನಿನ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ ಕೆಟ್ಟರೂ ಹೀಗಾಗುತ್ತದೆ, ಅದು ಸಣ್ಣ ಖರ್ಚು.) ಚಾಲೂ ಆದ ಮೇಲೆ ಆಯಿಲ್ ಸುರಿಯುವ ಮುಚ್ಚಳ ತೆಗೆಯಿರಿ. ಅಲ್ಲಿಂದ ದಟ್ಟ ಹೊಗೆ ಬುಸುಗುಟ್ಟಿದರೆ ಒತ್ತಡ ರಿಂಗ್ ದಾಟಿ ಸೋರುತ್ತಿದೆ ಎಂದುಕೊಂಡು, ಎಂಜಿನ್ ಬಿಚ್ಚಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತನಾಡಿ.

ಎಂಜಿನ್ನನ್ನು ಹೇಗೋ ಕಟ್ಟಬಹುದು. ತುಕ್ಕು ತಿಂದ ತಗಡು ಹಾಗಲ್ಲ. ಮ್ಯಾಟ್ ಎತ್ತಿ ಗಾಡಿಯ ನೆಲವನ್ನು ನೋಡಲೇಬೇಕು. ಅಂಬಾಸಿಡರ್ ತಯಾರಾಗುತ್ತಿದ್ದ, ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತಿತು, ಗಟ್ಟಿ ಬಾಡಿಯ ಅಂಬಾಸಿಡರ್ ಇನ್ನು ಹೊಸದಾಗಿ ಹುಟ್ಟುವುದಿಲ್ಲ.

ದಾಖಲೆಯ ವಿಷಯ ಲೇಖನದಲ್ಲಿ ಬಂದೇ ಇಲ್ಲ. 15 ವರ್ಷ ದಾಟಿದ ಖಾಸಗಿ ಕಾರಿಗೆ ತಪಾಸಣೆ ಮಾಡಿಸಿ, 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆರ್‌ಸಿ (ನೋಂದಣಿ) ಪುಸ್ತಕದಲ್ಲಿರುವ ಚಾಸಿ ಸಂಖ್ಯೆ ಗಾಡಿಯ ಚೌಕಟ್ಟಿನ ಮೇಲೆ ಕೆತ್ತಿರುವುದರೊಂದಿಗೆ ಹೊಂದದಿದ್ದರೆ ಮುಂಗಡ ಕೊಡಲೇಬೇಡಿ.